ಗೈಡಿಂಗ್ ಸಾಕಾ, ಪ್ಲೇಟ್ ಸಾಲ್ವಿಂಗ್ ಬೇಕಾ? ಮೂರು ರಾತ್ರಿ ನೋಡಿದ್ದು
ಆಕಾಶದ ಫೋಟೋ ತೆಗೆಯುವಾಗ ಗುರಿಯನ್ನು ರಾತ್ರಿಯಿಡೀ ಫ್ರೇಮಿನ ನಡುವಲ್ಲೇ ಇಡುವುದು ಹೇಗೆ ಅಂತ ನೋಡಲು ಜನವರಿ ನಡುವಿನಲ್ಲಿ ಪಾವಗಡದ ಕಡೆ ಒಂದು ಹೊಲದಲ್ಲಿ ಮೂರು ರಾತ್ರಿ ಕೂತೆ. ಗುರಿ ಓರಿಯನ್ ನೀಹಾರಿಕೆ, ಎಂ42. 400 ಮಿ.ಮೀ. ಫೋಕಲ್ ಲೆಂತಿನ ಟೆಲಿಸ್ಕೋಪು, ಎಪಿಎಸ್-ಸಿ ಅಳತೆಯ ಸೆನ್ಸರ್ ಇರುವ ಕ್ಯಾಮೆರಾ. ಮೂರೂ ರಾತ್ರಿ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಯಂತ್ರ) ಒಂದೇ, ದಾರಿ ಮಾತ್ರ ಬೇರೆ.

ಮೊದಲ ರಾತ್ರಿ ಬರೀ ಪೋಲಾರ್ ಅಲೈನ್‌ಮೆಂಟ್, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದನ್ನು, ನಂಬಿದೆ. ನಮ್ಮ ಕಡೆ ಇದು ಸುಲಭವಲ್ಲ. ಧ್ರುವ ನಕ್ಷತ್ರ ಇಲ್ಲಿ ಸುಮಾರು 14 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಬೇಲಿ ಸಾಲಿನ ಮರ, ದೂಳು, ಎಲ್ಲವೂ ಅಡ್ಡ. ಮೌಂಟಿನ ಅಕ್ಷ 10 ಆರ್ಕ್‌ಮಿನಿಟ್ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ತಪ್ಪಿದ್ದರೆ ಗುರಿ ಗಂಟೆಗೆ ಎರಡೂವರೆ ಆರ್ಕ್‌ಮಿನಿಟ್‌ವರೆಗೆ ಸರಿಯಬಹುದು. ನನ್ನ ಫ್ರೇಮ್ ಮೂರು ಡಿಗ್ರಿ ಅಗಲ, ಹಾಗಾಗಿ ನೀಹಾರಿಕೆ ಹೊರಗೆ ಹೋಗಲಿಲ್ಲ. ಆದರೆ ಎರಡು ನಿಮಿಷದ ಫೋಟೋಗಳಲ್ಲಿ ನಕ್ಷತ್ರಗಳು ಉದ್ದಕ್ಕೆ ಎಳೆದುಕೊಂಡಿದ್ದವು.

ಎರಡನೇ ರಾತ್ರಿ ಪಿಎಚ್‌ಡಿ2 ತಂತ್ರಾಂಶದಲ್ಲಿ ಗೈಡಿಂಗ್, ಅಂದರೆ ಒಂದು ನಕ್ಷತ್ರವನ್ನು ನೋಡುತ್ತಾ ಅದು ಸರಿದಾಗಲೆಲ್ಲ ಮೌಂಟನ್ನು ತಿದ್ದುತ್ತಾ ಹೋಗುವುದು. ನಕ್ಷತ್ರಗಳು ಚುಕ್ಕಿಯಂತೆ ದುಂಡಗೆ ಬಂದವು, ನೋಡಿ ಖುಷಿಯಾಯಿತು. ಹತ್ತೂವರೆ ಸುಮಾರಿಗೆ ನೀಹಾರಿಕೆ ಉತ್ತರ-ದಕ್ಷಿಣದ ನೆತ್ತಿಯ ಗೆರೆ ದಾಟಿತು, ಮೆರಿಡಿಯನ್ ಫ್ಲಿಪ್ ಆಯಿತು, ಅಂದರೆ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ಮಗುಚಿತು. ಟೆಲಿಸ್ಕೋಪು ಮೌಂಟಿನ ಎರಡನೇ (ಡಿಕ್ಲಿನೇಶನ್) ಅಕ್ಷಕ್ಕೆ ಸರಿಯಾಗಿ ಲಂಬವಾಗಿ ಕೂತಿರದಿದ್ದರೆ ಮಗುಚಿದ ಮೇಲೆ ಗುರಿ ಜಾಗ ಬದಲಿಸುತ್ತದೆ. ನನಗೂ ಹಾಗೇ ಆಯಿತು. ಗೈಡಿಂಗ್ ಹೊಸ ನಕ್ಷತ್ರವೊಂದನ್ನು ಹಿಡಿದು, ಆ ತಪ್ಪು ಜಾಗವನ್ನೇ ಬೆಳಗಿನ ಜಾವದವರೆಗೆ ಬಿಡದೆ ಕಾಪಾಡಿತು! ಅದಕ್ಕೆ ಗೊತ್ತಿರುವುದು ತಾನು ಹಿಡಿದ ನಕ್ಷತ್ರ ಮಾತ್ರ, ನೀಹಾರಿಕೆ ಎಲ್ಲಿದೆ ಅಂತ ಅಲ್ಲ. ಫೋಟೋಗಳನ್ನು ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡಿದಾಗ ಅಂಚು ಜಾಸ್ತಿಯೇ ಕತ್ತರಿಸಬೇಕಾಯಿತು.

ಮೂರನೇ ರಾತ್ರಿ ಗೈಡಿಂಗ್ ಜೊತೆ ಪ್ಲೇಟ್ ಸಾಲ್ವಿಂಗ್ ಸೇರಿಸಿದೆ. ಕ್ಯಾಮೆರಾ, ಮೌಂಟ್ ಎರಡನ್ನೂ ನಡೆಸುವ ನೀನಾ ತಂತ್ರಾಂಶ ಒಂದು ಫೋಟೋ ತೆಗೆಯುತ್ತದೆ. ಆಸ್ಟಾಪ್ ಎಂಬ ಇನ್ನೊಂದು ತಂತ್ರಾಂಶ ಅದರಲ್ಲಿನ ನಕ್ಷತ್ರಗಳನ್ನು ಕ್ಯಾಟಲಾಗಿನೊಂದಿಗೆ ತಾಳೆ ನೋಡಿ, ಫ್ರೇಮಿನ ನಡು ಆಕಾಶದಲ್ಲಿ ಎಲ್ಲಿದೆ ಅಂತ ಹೇಳುತ್ತದೆ. ತಪ್ಪಿದ್ದರೆ ಮೌಂಟ್ ತಿರುಗಿ ಮತ್ತೆ ನೋಡುತ್ತದೆ. ಫ್ಲಿಪ್ ಆದ ಮೇಲೂ ನೀಹಾರಿಕೆ ನಡುವಿಗೇ ಬಂತು. ಮೋಡ ಬಂದು ಗೈಡ್ ನಕ್ಷತ್ರ ಕಳೆದುಹೋದಾಗಲೂ ಇದೇ ಕೈ ಹಿಡಿಯಿತು. ಇನ್ನೊಂದು ರಾತ್ರಿ ಅದೇ ಚೌಕಟ್ಟಿಗೆ ಮರಳಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಹಾಗಂತ ಗೈಡಿಂಗ್ ಬಿಡಬೇಡಿ. ಎರಡು ಫೋಟೋಗಳ ನಡುವೆ ಪ್ಲೇಟ್ ಸಾಲ್ವಿಂಗ್ ಸರಿಮಾಡಬಹುದು. ಒಂದು ಫೋಟೋ ತೆಗೆಯುತ್ತಿರುವಾಗ ನಕ್ಷತ್ರವನ್ನು ಅಲುಗದಂತೆ ಹಿಡಿಯುವುದು ಗೈಡಿಂಗೇ. ಕೈಯಿಂದ ನಡುವಿಗೆ ತರುವವರು ಮೊದಲು ಗೈಡಿಂಗ್ ನಿಲ್ಲಿಸಿ, ಇಲ್ಲದಿದ್ದರೆ ನೀವು ಸರಿಸಿದಷ್ಟೂ ಅದು ಹಿಂದಕ್ಕೆ ಎಳೆಯುತ್ತದೆ. ನೀನಾದಲ್ಲಿ ಗೈಡಿಂಗ್ ತಾನಾಗಿ ನಿಂತು ಮತ್ತೆ ಶುರುವಾಗುತ್ತದೆ.