450 ಹೆಲಿಯ ಟೇಲ್ ಅಪ್‌ಗ್ರೇಡ್: ಬೆಲ್ಟ್, ಪೂರ್ತಿ ಮೆಟಲ್ ಸೆಟ್, ಟಾರ್ಕ್ ಟ್ಯೂಬ್

ರಿಮೋಟಿನಲ್ಲಿ ಹಾರಿಸುವ 450 ಸೈಜಿನ ಪುಟ್ಟ ಹೆಲಿಕಾಪ್ಟರಿನ ಬಾಲಕ್ಕೆ ಈ ಮೂರನ್ನೂ ಹಾಕಿ ಹಾರಿಸಿ ನೋಡಿದ ಮೇಲೆ ನನ್ನ ಓಟು ಬೆಲ್ಟಿಗೆ. ಟೇಲ್ ರೋಟರನ್ನು ತಿರುಗಿಸುವ ಬೆಲ್ಟ್ ಡ್ರೈವ್ ಹಾಗೇ ಇರಲಿ, ಥ್ರಸ್ಟ್ ಬೇರಿಂಗ್ (ಹೊರಕ್ಕೆಳೆಯುವ ಬಲ ತಾಳುವ ಬೇರಿಂಗ್) ಇರುವ ಗ್ರಿಪ್, ಅಂದರೆ ಬ್ಲೇಡ್ ಹಿಡಿಕೆ, ಹಾಕಿ, ಮಿಕ್ಕ ದುಡ್ಡನ್ನು ಟೇಲ್ ಬ್ಲೇಡಿನ ಕೋನ ಬದಲಿಸುವ ಟೇಲ್ ಸರ್ವೋಗೆ ಸುರಿಯಿರಿ. ಪೂರ್ತಿ ಅಲ್ಯೂಮಿನಿಯಂ ಸೆಟ್ ಶೋಕೇಸಿಗೆ ಚೆನ್ನ. ಟಾರ್ಕ್ ಟ್ಯೂಬ್ (ಬೆಲ್ಟಿನ ಬದಲು ಗೇರುಗಳ ನಡುವೆ ತಿರುಗುವ ಉದ್ದ ಕೊಳವೆ) ನಿಜಕ್ಕೂ ಒಳ್ಳೆಯದು, ಆದರೆ ಹುಲ್ಲಿನ ಮೈದಾನದಲ್ಲಿ ಇಳಿಸುವವರ ಜೇಬಿಗೆ ಒಗ್ಗುವಂಥದ್ದಲ್ಲ. ಇದು ಅಲೈನ್ ಟಿ-ರೆಕ್ಸ್ 450 ಮತ್ತು ಅದೇ ಅಳತೆಯ ಪಾರ್ಟ್ಸ್ ಕೂರುವ ಕ್ಲೋನ್‌ಗಳ ಲೆಕ್ಕ. 450 ಸ್ಪೋರ್ಟ್ ಬಂದದ್ದೇ ಬೆಲ್ಟಿನಲ್ಲಿ, 450 ಪ್ರೊ ಟಾರ್ಕ್ ಟ್ಯೂಬಿನಲ್ಲಿ.

ಗ್ರಿಪ್ಪಿಗೆ ಯಾಕೆ ಮೊದಲ ಸ್ಥಾನ? 450 ಸ್ಪೋರ್ಟಿನಲ್ಲಿ ಮೇಲಿನ ರೋಟರ್ ಒಂದು ಸುತ್ತು ಸುತ್ತಿದರೆ ಟೇಲ್ 4.24 ಸುತ್ತು ಸುತ್ತುತ್ತದೆ. ಹೆಡ್ ಸ್ಪೀಡ್ (ಮೇಲಿನ ರೋಟರಿನ ವೇಗ) 2500 ಆರ್‌ಪಿಎಂ ಇಟ್ಟರೆ ಟೇಲ್ 10,600. ಆ ವೇಗದಲ್ಲಿ ಬರೀ 2 ಗ್ರಾಂ ತೂಕದ ಬ್ಲೇಡ್ ತನ್ನ ಗ್ರಿಪ್ಪನ್ನು ಹೊರಗೆ ಎಳೆಯುವ ಬಲ ಸುಮಾರು 11 ಕೆ.ಜಿ. ಅನೇಕ ಅಗ್ಗದ ಪ್ಲಾಸ್ಟಿಕ್ ಗ್ರಿಪ್‌ಗಳಲ್ಲಿ ಇರುವುದು ಸಾದಾ ರೇಡಿಯಲ್ ಬೇರಿಂಗ್ ಮಾತ್ರ. ಅವು ಹೊರಕ್ಕೆ ಎಳೆಯುವ ಇಂಥ ಬಲಕ್ಕೆ ಮಾಡಿದವಲ್ಲ, ಬಿಗಿ ಹಿಡಿಯುತ್ತವೆ. ಬೆಂಚಿನ ಮೇಲೆ ಬೆಣ್ಣೆಯಂತೆ ತಿರುಗುವ ಗ್ರಿಪ್ ಗಾಳಿಯಲ್ಲಿ ಸರ್ವೋ ಜತೆ ಗುದ್ದಾಟಕ್ಕೆ ಇಳಿಯುವುದು ಇದಕ್ಕೇ. ಥ್ರಸ್ಟ್ ಬೇರಿಂಗ್ ಹಾಕುವಾಗ ಅದರ ಎರಡು ವಾಷರ್‌ಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ: ಒಂದರ ತೂತು ಕೂದಲೆಳೆಯಷ್ಟು ದೊಡ್ಡದು. ದೊಡ್ಡ ತೂತಿನದು ಹಬ್ ಕಡೆಗೆ, ಸಣ್ಣ ತೂತಿನದು ಹೊರಗೆ, ಸ್ಕ್ರೂ ತಲೆಯ ಕಡೆಗೆ. ಅದಲು ಬದಲಾದರೆ ಬೇರಿಂಗ್ ಇದ್ದೂ ಇಲ್ಲದ ಹಾಗೆ. ಗ್ರೀಸ್ ತುಂಬಿ, ಸ್ಕ್ರೂಗೆ ನೀಲಿ ತ್ರೆಡ್‌ಲಾಕರ್ ಒಂದು ಚುಕ್ಕೆ ಸಾಕು.

ಈಗ ಮೆಟಲ್ ಸೆಟ್. ಟೇಲ್ ಕೇಸ್, ಪಿಚ್ ಸ್ಲೈಡರ್ (ಶಾಫ್ಟಿನ ಮೇಲೆ ಸರಿದು ಬ್ಲೇಡಿನ ಕೋನ ಬದಲಿಸುವ ಭಾಗ), ಬೆಲ್‌ಕ್ರ್ಯಾಂಕ್ (ಸರ್ವೋ ಎಳೆತವನ್ನು ಸ್ಲೈಡರಿಗೆ ದಾಟಿಸುವ ಸನ್ನೆ), ಗ್ರಿಪ್ ಎಲ್ಲ ಬಣ್ಣ ಬಣ್ಣದ ಅಲ್ಯೂಮಿನಿಯಂ. ಕಾಟ ಶುರುವಾಗುವುದು ಸ್ಲೈಡರಿನಲ್ಲಿ. ಸ್ಲೈಡರಿನಿಂದ ಎರಡು ಪುಟ್ಟ ತೋಳುಗಳು ಗ್ರಿಪ್‌ಗಳಿಗೆ ಹೋಗುತ್ತವೆ. ತೋಳಿನ ತೂತಿನಲ್ಲಿ ಒಂದು ಹಿತ್ತಾಳೆ ಕಾಲರ್, ಅದರೊಳಗಿಂದ 2 ಮಿ.ಮೀ. ಸ್ಕ್ರೂ. ಕಾಲರ್ ತೋಳಿನ ದಪ್ಪಕ್ಕಿಂತ ಚೂರು ಉದ್ದ ಇರಬೇಕು. ಆಗ ಸ್ಕ್ರೂ ಬಿಗಿದಾಗ ಒತ್ತಡ ಕಾಲರಿನ ಮೇಲೆ ಬಿದ್ದು ತೋಳು ಸಡಿಲವಾಗಿ ಆಡುತ್ತದೆ. ಅಗ್ಗದ ಸೆಟ್‌ಗಳಲ್ಲಿ ಕಾಲರ್ ಒಂದೋ ತೋಳಿನ ಮಟ್ಟಕ್ಕೇ ಇರುತ್ತದೆ, ಇಲ್ಲ ಇನ್ನೂ ಗಿಡ್ಡ. ಸ್ಕ್ರೂ ಬಿಗಿದ ಕೂಡಲೇ ತೋಳು ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಅರ್ಧ ಸುತ್ತು ಬಿಟ್ಟರೆ ತೋಳೇನೋ ಆಡುತ್ತದೆ, ಆದರೆ ಆ ಸ್ಕ್ರೂ ಹಾರಾಟದ ನಡುವೆ ಬಿಚ್ಚಿಕೊಂಡರೆ ಟೇಲ್ ಕೈಬಿಟ್ಟಿತು ಅಂತಲೇ ಅರ್ಥ.

ಇದರ ಫಲ ಗಾಳಿಯಲ್ಲಿ ಹೀಗೆ ಕಾಣುತ್ತದೆ. ಬಾಲವನ್ನು ನೇರ ಹಿಡಿಯುವ ಗೈರೊ ಒಂದು ಸಣ್ಣ ತಿದ್ದುಪಡಿ ಕೇಳುತ್ತದೆ, ಸರ್ವೋ ತಿರುಗುತ್ತದೆ, ಸ್ಲೈಡರ್ ಕದಲುವುದಿಲ್ಲ. ಸರ್ವೋದಿಂದ ಬರುವ ಕಡ್ಡಿ ಮಾತ್ರ ಸ್ವಲ್ಪ ಬಾಗುತ್ತದೆ. ಗೈರೊ ಇನ್ನಷ್ಟು ಕೇಳುತ್ತದೆ, ಸ್ಲೈಡರ್ ಥಟ್ಟನೆ ಜಿಗಿದು ಬೇಕಾದ್ದಕ್ಕಿಂತ ಮುಂದೆ ಹೋಗುತ್ತದೆ. ಮತ್ತೆ ವಾಪಸ್ ಎಳೆತ. ಅದೇ ಎಲ್ಲರೂ ದೂರುವ ಟೇಲ್ ಅಲ್ಲಾಟ. ಗೈರೊದ ಗೇನ್ (ಅದು ತಿದ್ದುವ ಬಿರುಸು) ಇಳಿಸಿದರೆ ಅಲ್ಲಾಟ ನಿಲ್ಲುತ್ತದೆ, ಆದರೆ ಜೋರಾಗಿ ಪಿಚ್ (ಮೇಲಿನ ಬ್ಲೇಡುಗಳ ಕೋನ) ಎಳೆದಾಗ ಬಾಲ ಪಕ್ಕಕ್ಕೆ ಒದೆಯುತ್ತದೆ. ತಪ್ಪು ಗೈರೊ ಮೇಲೆ ಹೊರಿಸಿ ಹೊಸ ಗೈರೊ ಕೊಳ್ಳುವವರಿದ್ದಾರೆ. ಹೊಸದೂ ಅಲ್ಲಾಡುತ್ತದೆ.

ರಿಪೇರಿ ಸಾಧ್ಯ. ತೋಳು ಬಿಚ್ಚಿ, ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಇಟ್ಟು, ತೋಳನ್ನು ಸಮತಟ್ಟಾಗಿ ನಾಲ್ಕೈದು ಸಲ ಉಜ್ಜಿ. ಕಾಲರ್ ಹಾಕಿ ನೋಡಿ, ಸಾಲದಿದ್ದರೆ ಮತ್ತೆ ಉಜ್ಜಿ. ಕಾಲರ್ ಎರಡೂ ಕಡೆ ಬೆರಳಿಗೆ ತಾಗುವಷ್ಟು ಮಾತ್ರ ಹೊರಗೆ ಬರಬೇಕು. ಜಾಸ್ತಿ ಉಜ್ಜಿದರೆ ಪ್ಲೇ (ಸಡಿಲಾಟ) ಶುರುವಾಗುತ್ತದೆ, ಅದೂ ಅಲ್ಲಾಟಕ್ಕೇ ದಾರಿ. ಈ ತೋಳಿನ ಸ್ಕ್ರೂಗೆ ಮಾತ್ರ ತ್ರೆಡ್‌ಲಾಕರ್ ನೇರ ಹಚ್ಚಬೇಡಿ, ಗ್ರಿಪ್ಪಿನ ತೂತಿಗೆ ಟೂತ್‌ಪಿಕ್ಕಿನಲ್ಲಿ ಹಾಕಿ. ಸ್ಕ್ರೂಗೆ ಹಚ್ಚಿದ್ದು ಕಾಲರಿನ ಸುತ್ತ ಹಿಂಡಿ ಬಂದು ತೋಳನ್ನೇ ಅಂಟಿಸುತ್ತದೆ. ಕೊನೆಗೆ ಸರ್ವೋ ಕಡೆಯ ಬಾಲ್ ಲಿಂಕ್ ಬಿಡಿಸಿ, ಸ್ಲೈಡರನ್ನು ಒಂದು ಬೆರಳಲ್ಲಿ ಈ ಕೊನೆಯಿಂದ ಆ ಕೊನೆಗೆ ತಳ್ಳಿ. ಎಲ್ಲೂ ತಡೆಯಬಾರದು, ನಡುವೆ ಅಂತೂ ಕೂಡದು. ಅಚ್ಚಿನಲ್ಲಿ ತೆಗೆದ ಒಳ್ಳೆಯ ಪ್ಲಾಸ್ಟಿಕ್ ಸ್ಲೈಡರಿಗೆ ಇದ್ಯಾವುದೂ ಬೇಕಿಲ್ಲ, ಪೊಟ್ಟಣದಿಂದ ತೆಗೆದು ಹಾಕಿದರೆ ಆಯಿತು. ಬಿದ್ದಾಗ ಪ್ಲಾಸ್ಟಿಕ್ ಮುರಿಯುತ್ತದೆ, ಗೊತ್ತಾಗುತ್ತದೆ. ಅಲ್ಯೂಮಿನಿಯಂ ಕಣ್ಣಿಗೆ ಕಾಣದಷ್ಟು ಬಾಗಿ ಮುಂದಿನ ಹಾರಾಟಕ್ಕೂ ಬರುತ್ತದೆ.

ತೂಕವೂ ಇದೆ. ಟೇಲ್ ಶಾಫ್ಟ್ ಮೇನ್ ಶಾಫ್ಟಿನಿಂದ ಸುಮಾರು 40 ಸೆಂ.ಮೀ. ಹಿಂದೆ. ಅಲ್ಲಿ 10 ಗ್ರಾಂ ಏರಿದರೆ, 180 ಗ್ರಾಂ ತೂಗುವ ತ್ರೀ ಸೆಲ್ ಬ್ಯಾಟರಿಯನ್ನು 2 ಸೆಂ.ಮೀ.ಗಿಂತ ಹೆಚ್ಚು ಮುಂದೆ ಸರಿಸಬೇಕು. ಕ್ಯಾನೊಪಿಯೊಳಗೆ ಅಷ್ಟು ಜಾಗ ಎಲ್ಲಿದೆ?

ಟಾರ್ಕ್ ಟ್ಯೂಬಿನ ಗುಣ ಮೊದಲು. ಹಿಗ್ಗುವ ಬೆಲ್ಟ್ ಇಲ್ಲ, ಬಿಗಿತ ನೋಡುತ್ತಾ ಕೂರುವ ಕೆಲಸ ಇಲ್ಲ, ತಿರುಗಿಸಿದ ಬಾಲ ಬೇಕಾದಲ್ಲಿ ತಟ್ಟನೆ ನಿಲ್ಲುತ್ತದೆ. ಬೆಲ್ಟಿನ ಹೆಲಿಗೆ ಇದನ್ನು ಕೂರಿಸಲು ಟ್ಯೂಬ್ ಒಂದೇ ತಂದರೆ ಆಗದು: ಮುಂದಿನ ಗೇರ್ ಸೆಟ್, ಬೂಮ್ (ಬಾಲದ ಹೊರಗೊಳವೆ), ಟೇಲ್ ಕೇಸ್ ಎಲ್ಲ ಬದಲಾಗಬೇಕು. ಟ್ಯೂಬಿನ ನಡುವಿನ ಬೇರಿಂಗನ್ನು ಟ್ಯೂಬಿಗೆ ಅಂಟಿಸಿ, ಅಂಟು ಪೂರ್ತಿ ಒಣಗಿದ ಮೇಲೆ, ಅದರ ರಬ್ಬರ್ ಹೋಲ್ಡರಿಗೆ ಎಣ್ಣೆ ಸವರಿ ಬೂಮಿನೊಳಗೆ ನೇರ ತಳ್ಳಬೇಕು. ಎಣ್ಣೆ ಇಲ್ಲದೆ ತಳ್ಳಿದರೆ ಹೋಲ್ಡರ್ ಓರೆಯಾಗಿ ಕೂತು ಇಡೀ ಬೂಮ್ ಗುಂಯ್‌ಗುಡುತ್ತದೆ.

ಅದರ ಮುಖ್ಯ ತೊಂದರೆ ಹುಲ್ಲು. ಇಳಿಯುವಾಗ ಟೇಲ್ ಬ್ಲೇಡ್ ಗರಿಕೆಗೆ ತಾಗಿದರೆ ಬೆಲ್ಟ್ ನಾಲ್ಕು ಹಲ್ಲು ಜಾರಿ ಮತ್ತೆ ಹಿಡಿಯುತ್ತದೆ. ಟ್ಯೂಬಿನಲ್ಲಿ ಜಾರುವ ಜಾಗವೇ ಇಲ್ಲ, ಹಿಂದಿನ ಪ್ಲಾಸ್ಟಿಕ್ ಛತ್ರಿ ಗೇರಿನ (ಬೆವೆಲ್ ಗೇರ್) ಹಲ್ಲು ಹೋಗುತ್ತದೆ. ಒಂದೇ ಹಲ್ಲು ಹೋಗಿದ್ದರೆ ಹೆಲಿ ಏನೂ ಆಗದಂತೆ ಏಳುತ್ತದೆ, ಜೋರು ಪೈರೊ (ನಿಂತಲ್ಲೇ ಗಿರಕಿ) ಹೊಡೆದಾಗ ಉಳಿದ ಹಲ್ಲೂ ಕಿತ್ತು ಬಾಲ ಗಿರಗಿರನೆ ತಿರುಗುತ್ತದೆ. ಆದ್ದರಿಂದ ಬ್ಲೇಡ್ ಎಲ್ಲಿಗಾದರೂ ತಾಗಿದ ಅನುಮಾನ ಬಂದರೆ ಬ್ಯಾಟರಿ ಬಿಡಿಸಿ, ಟೇಲ್ ಹಬ್ಬನ್ನು ಬೆರಳಲ್ಲಿ ಸ್ವಲ್ಪ ತಡೆಹಿಡಿದು ಮೇಲಿನ ರೋಟರನ್ನು ನಿಧಾನ ತಿರುಗಿಸಿ. ಟಕ್ ಅಂದರೆ ಗೇರ್ ಹೋಯಿತು. ಕಲಿಯುವವರಿಗೆ ಈ ಖರ್ಚು ಮುಗಿಯುವುದೇ ಇಲ್ಲ.

ಬೆಲ್ಟಿಗೂ ಆರೈಕೆ ಬೇಕು. ಬೂಮಿನೊಳಗೆ ಅದು ಕಾಲು ಸುತ್ತು ತಿರುಚಿಕೊಂಡು ಹೋಗುತ್ತದೆ, ತಿರುಚುವ ದಿಕ್ಕು ತಪ್ಪಿದರೆ ಟೇಲ್ ಉಲ್ಟಾ ಸುತ್ತುತ್ತದೆ. ಮೇಲಿನ ರೋಟರನ್ನು ಮೇಲಿನಿಂದ ನೋಡಿದಂತೆ ಪ್ರದಕ್ಷಿಣೆಯಾಗಿ ಕೈಯಲ್ಲಿ ತಿರುಗಿಸಿ: ಟೇಲಿನ ಕೆಳಗಿನ ಬ್ಲೇಡ್ ಮೂಗಿನ ಕಡೆಗೆ, ಮೇಲಿನದು ಹಿಂದಕ್ಕೆ ಹೋಗಬೇಕು. ಬಿಗಿತಕ್ಕೆ ಬೂಮ್ ಹಿಡಿದ ಸ್ಕ್ರೂ ಸಡಿಲಿಸಿ ಬೂಮನ್ನು ಹಿಂದಕ್ಕೆ ಎಳೆದು ಮತ್ತೆ ಬಿಗಿಯಿರಿ. ಹೊಸ ಬೆಲ್ಟ್ ಮೊದಲ ಕೆಲವು ಹಾರಾಟಗಳಲ್ಲಿ ಹಿಗ್ಗುತ್ತದೆ, ಇನ್ನೊಮ್ಮೆ ನೋಡಿ.

ಕಲಬುರಗಿ, ವಿಜಯಪುರದ ಕಡೆಯ ಒಣ ಬೇಸಿಗೆಯಲ್ಲಿ ಹಾರಿಸುವವರಿಗೆ ಇನ್ನೊಂದು: ರಬ್ಬರ್ ಬೆಲ್ಟ್ ಉಜ್ಜಿ ಉಜ್ಜಿ ಸ್ಥಿರ ವಿದ್ಯುತ್ ಕಟ್ಟುತ್ತದೆ, ಅದು ಕಿಡಿಯಾಗಿ ಹಾರಿದಾಗ ಸರ್ವೋ ಕಾರಣವಿಲ್ಲದೆ ಬೆಚ್ಚುತ್ತದೆ. ಬೂಮಿನಿಂದ ಮೋಟರ್ ಮೌಂಟಿಗೆ ತೆಳು ವೈರ್ ಎಳೆಯಿರಿ. ವೈರ್ ತಾಗುವ ಕಡೆ ಆನೊಡೈಸ್ ಬಣ್ಣವನ್ನು ಉಜ್ಜಿ ಬಿಳಿ ಲೋಹ ಕಾಣುವಂತೆ ಮಾಡಿ, ಆ ಬಣ್ಣದ ಪದರ ಕರೆಂಟ್ ಬಿಡುವುದಿಲ್ಲ.

ಸರ್ವೋ ವಿಷಯಕ್ಕೆ ಬಂದರೆ, ಫುಟಾಬಾ ಜಿವೈ 401 ಗೈರೊ, ಎಸ್ 9257 ಸರ್ವೋ ಹಳೆಯ ಜೋಡಿ; ಸೆಕೆಂಡ್ ಹ್ಯಾಂಡ್ ಸಿಕ್ಕರೆ ಈಗಲೂ ಬಿಡಬೇಡಿ. ಗೈರೊದ ಡಿಜಿಟಲ್ ಸ್ವಿಚ್ ಡಿಜಿಟಲ್ ಸರ್ವೋಗೆ ಮಾತ್ರ, ಅನಲಾಗ್ ಹಾಕಿ ಆನ್ ಮಾಡಿದರೆ ಸುಡುತ್ತದೆ. 760 ಮೈಕ್ರೊ ಸೆಕೆಂಡ್ ಸಿಗ್ನಲಿನ ಸರ್ವೋ, 1520ರದ್ದು ಎರಡನ್ನೂ ಬೆರೆಸಬೇಡಿ. ಸರ್ವೋ ಆರ್ಮಿನಲ್ಲಿ ಬಾಲ್ ನಡುವಿನಿಂದ 6ರಿಂದ 8 ಮಿ.ಮೀ. ದೂರದಲ್ಲಿರಲಿ. ಸ್ಲೈಡರ್ ಕೊನೆಗೆ ತಾಗದಿರಲು ಗೈರೊ ಲಿಮಿಟನ್ನು (ಸರ್ವೋ ಚಲನೆಯ ಮಿತಿ) 60–70ಕ್ಕೆ ಇಳಿಸಬೇಕಾಗಿ ಬಂದರೆ ಬಾಲನ್ನು ಒಳಗಿನ ತೂತಿಗೆ ಹಾಕಿ, ಲಿಮಿಟ್ 100ರ ಆಸುಪಾಸು ಬರಲಿ. ಸರ್ವೋದ ಪೂರ್ತಿ ಸೂಕ್ಷ್ಮತೆ ಆಗಲೇ ಸಿಗುವುದು. ಟೇಲ್ ಬ್ಲೇಡಿನ ಸ್ಕ್ರೂ ಬ್ಲೇಡ್ ಕೈಗೆ ಸಲೀಸಾಗಿ ಮಡಚುವಷ್ಟೇ ಬಿಗಿ.

ತ್ರೀಡಿ (ತಲೆಕೆಳಗಾಗಿಸಿ ಕಸರತ್ತು) ಹಾರಿಸುವವರು, ಡಾಂಬರು ಪಟ್ಟಿಯಲ್ಲೋ ಸಿಮೆಂಟ್ ಅಂಗಳದಲ್ಲೋ ಇಳಿಸುವವರು ಟಾರ್ಕ್ ಟ್ಯೂಬ್ ತೆಗೆದುಕೊಂಡರೆ ನಷ್ಟವಿಲ್ಲ. ಆದರೆ ಪಾರ್ಟ್ಸ್ ಹೊರದೇಶದಿಂದ ಬರುವಾಗ ಅಂಚೆ, ಸುಂಕ ಎರಡೂ ಪ್ರತಿ ಸಲ ಕಟ್ಟಬೇಕಲ್ಲ, ಹಿಂದಿನ ಗೇರಿನ ಎರಡು ಸೆಟ್ಟನ್ನು ಮೊದಲ ಆರ್ಡರಿನಲ್ಲೇ ಸೇರಿಸಿ ತರಿಸಿ.