ವಾದಿ ಶಾಬ್ ಈಜು, ರಾತ್ರಿ ಕಡಲಾಮೆ, ಎರಡೂ ಒಂದೇ ದಿನದಲ್ಲಿ ಅಂದರೆ ದುಡ್ಡು ಕೊಡಬೇಡಿ

ಒಮಾನ್ ದೇಶದ ಮಸ್ಕತ್‌ನಲ್ಲಿ ಇರುವವರು, ರಜೆಗೆ ನೆಂಟರನ್ನು ಕರೆಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಬೆಳಿಗ್ಗೆ ವಾದಿ ಶಾಬ್ ಕಣಿವೆಯಲ್ಲಿ ಈಜು, ರಾತ್ರಿ ಆಮೆ ಮೊಟ್ಟೆ ಇಡುವುದನ್ನು ನೋಡುವುದು, ಅದೇ ರಾತ್ರಿ ವಾಪಸ್ ಮನೆ. ಗೈಡ್, ಗಾಡಿ, ಊಟ ಎಲ್ಲ ಸೇರಿ ಒಬ್ಬರಿಗೆ 35 ರಿಯಾಲ್. ಇಂಥ ಪೋಸ್ಟರ್ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಾ ಇರುತ್ತದೆ, ನೀವೂ ನೋಡಿರುತ್ತೀರಿ. ನಾವು ಹೋಗಿ ಬಂದಿದ್ದೇವೆ. ಊರಿಂದ ಬಂದಿದ್ದ ಅಕ್ಕ, ಭಾವ, ಅವರ ಮಗಳು, ನಾನು. ಗಾಡಿಯಲ್ಲಿ ನಮ್ಮ ಜೊತೆ ಇನ್ನೂ ಕೆಲವರು ಹುಡುಗರು ಇದ್ದರು.

ಜಾಗಗಳ ಬಗ್ಗೆ ನನ್ನ ತಕರಾರು ಏನೂ ಇಲ್ಲ. ವಾದಿ ಶಾಬ್ ಸೊಗಸಾದ ಜಾಗ, ಆಮೆ ಮೊಟ್ಟೆ ಇಡಲು ಬರುವ ರಾಸ್ ಅಲ್ ಜಿನ್ಜ್ ಕಡಲತೀರ ಅದಕ್ಕಿಂತ ಒಂದು ಕೈ ಮೇಲು. ತಕರಾರು ಇರುವುದು ಎರಡನ್ನೂ ಒಂದೇ ದಿನಕ್ಕೆ ತುರುಕಿ ಮಾರುವವರ ಬಗ್ಗೆ. ಹೆಸರು ಹಾಕುತ್ತಿಲ್ಲ. ಒಬ್ಬರ ಹೆಸರು ಹಾಕಿದರೆ ಮಿಕ್ಕವರೆಲ್ಲ ಒಳ್ಳೆಯವರು ಅಂತ ಆಗಿಬಿಡುತ್ತದೆ, ಇದೇ ಥರದ ಟ್ರಿಪ್ ಇನ್ನೂ ಹಲವರು ಮಾಡುತ್ತಿದ್ದಾರೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಮಸ್ಕತ್‌ನಿಂದ ತೀವಿ ಅನ್ನುವ ಊರಿನ ಪಕ್ಕದ ವಾದಿ ಶಾಬ್‌ಗೆ ಸುಮಾರು 150 ಕಿಲೋಮೀಟರ್. ಕಣಿವೆಯೊಳಗೆ ನಡೆದು, ಈಜಿ, ವಾಪಸ್ ಬರಲು ನಾಲ್ಕು ಗಂಟೆಯಾದರೂ ಬೇಕು. ಅಲ್ಲಿಂದ ಸೂರ್ ಪಟ್ಟಣ ದಾಟಿ ರಾಸ್ ಅಲ್ ಜಿನ್ಜ್‌ಗೆ ಮತ್ತೆ ಒಂದು ಗಂಟೆ ಚಿಲ್ಲರೆ. ಆಮೆ ತೋರಿಸಲು ಕರೆದುಕೊಂಡು ಹೋಗುವುದೇ ರಾತ್ರಿ ಒಂಬತ್ತರ ಸುಮಾರಿಗೆ. ಮುಗಿಸಿ ಹೊರಟರೆ ಮಸ್ಕತ್ ಸುಮಾರು 250 ಕಿಲೋಮೀಟರ್ ದೂರ. ಬೆಳಿಗ್ಗೆ ನಿಮ್ಮನ್ನು ಹತ್ತಿಸಿಕೊಂಡ ಮನುಷ್ಯನೇ ರಾತ್ರಿ ಎರಡು ಗಂಟೆಗೂ ಸ್ಟೇರಿಂಗ್ ಹಿಡಿದಿರುತ್ತಾನೆ. ಅವನೇ ಗೈಡ್, ಅವನೇ ಡ್ರೈವರ್. ಪೋಸ್ಟರ್‌ನಲ್ಲಿ ಮಾತ್ರ ‘ನುರಿತ ತಂಡ’ ಅಂತ ಇತ್ತು.

ಆರು ಗಂಟೆಗೆ ಬರಬೇಕಾದ ಗಾಡಿ ಎಂಟು ದಾಟಿದ ಮೇಲೆ ಬಂತು. ಆಮೇಲೆ ಪೆಟ್ರೋಲ್, ಆಮೇಲೆ ಚಹಾ, ಆಮೇಲೆ ಬಿಮ್ಮಾ ಸಿಂಕ್‌ಹೋಲ್. ನೆಲ ಕುಸಿದು ಆದ ಆ ಹಸಿರು ನೀರಿನ ಗುಂಡಿ ನೋಡಲು ಚೆಂದವೇ, ಇಲ್ಲ ಅನ್ನಲ್ಲ. ಆದರೆ ಅದು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ‘ಬೋನಸ್ ಮೇಡಂ, ಎಂಜಾಯ್ ಮಾಡಿ’ ಅಂದ. ಆ ಬೋನಸ್‌ನಿಂದ ಆದದ್ದು ಏನೆಂದರೆ, ವಾದಿ ಶಾಬ್‌ನ ಸೇತುವೆ ಕೆಳಗೆ ನಾವು ಇಳಿದಾಗ ಒಂದು ಗಂಟೆ ದಾಟಿತ್ತು, ನೆತ್ತಿ ಮೇಲೆ ಸೂರ್ಯ, ತಿಂಗಳು ಸೆಪ್ಟೆಂಬರ್. ಗಲ್ಫ್ ಬಿಸಿಲು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಣಿವೆ ಬಾಯಲ್ಲಿ ಸಣ್ಣ ದೋಣಿಯಲ್ಲಿ ನೀರು ದಾಟಿಸುತ್ತಾರೆ. ಹೋಗಿಬರಲು 1 ರಿಯಾಲ್, ಅದನ್ನೂ ನಮ್ಮ ಕೈಯಿಂದಲೇ ಕೊಡಿಸಿದ. ಆ ಕಡೆ ಇಳಿದ ಮೇಲೆ ಮುಕ್ಕಾಲು ಗಂಟೆ ನಡಿಗೆ. ಖರ್ಜೂರದ ತೋಟ ಮುಗಿಯುವವರೆಗೆ ಸುಲಭ. ಆಮೇಲೆ ಬಂಡೆ ಹತ್ತಿ ಇಳಿಯುವುದು, ಫಲಜ್ ಅನ್ನುವ ನೀರಾವರಿ ಕಾಲುವೆಯ ಅಂಚಿನಲ್ಲೇ ಕಾಲಿಡುವುದು, ಕೆಲವು ಕಡೆ ಒಂದು ಪಕ್ಕ ಗೋಡೆಯಂಥ ಬಂಡೆ, ಇನ್ನೊಂದು ಪಕ್ಕ ಇಳಿಜಾರು. ಜನ ನಡೆದು ನಡೆದು ಕಲ್ಲು ಎಷ್ಟು ನುಣುಪಾಗಿದೆ ಅಂದರೆ ಸವೆದ ಚಪ್ಪಲಿ ನಿಲ್ಲುವುದೇ ಇಲ್ಲ. ಅಕ್ಕ ಎರಡು ಸಲ ಜಾರಿದಳು. ಎಂಥ ಶೂ ಹಾಕಬೇಕು ಅಂತ ಹಿಂದಿನ ದಿನವೇ ಮೆಸೇಜ್ ಮಾಡಿ ಕೇಳಿದ್ದೆ. ‘ಯಾವುದಾದರೂ ಓಕೆ’ ಅಂತ ಉತ್ತರ ಬಂದಿತ್ತು. ನೀರಿಗೂ ಬಂಡೆಗೂ ಆಗುವ ಹಿಡಿತವಿರುವ ಶೂ ಬೇಕೇ ಬೇಕು.

ಈಗ ಮುಖ್ಯ ವಿಷಯ. ವಾದಿ ಶಾಬ್‌ನಲ್ಲಿ ನಡಿಗೆ ಮುಗಿದ ಮೇಲೆ ಒಂದರ ಹಿಂದೆ ಒಂದು ಮಡುಗಳಿವೆ. ಕೆಲವು ಕಡೆ ಸೊಂಟದಷ್ಟು ನೀರು, ಕಲ್ಲಿನ ಮೇಲೆ ನಡೆದೇ ಹೋಗಬಹುದು. ಕೆಲವು ಕಡೆ ಕಾಲು ಸಿಗುವುದಿಲ್ಲ, ಈಜಲೇಬೇಕು. ಕೊನೆಯಲ್ಲಿ ಎರಡು ಬಂಡೆಗಳ ನಡುವೆ ಒಂದು ಸಂದಿ. ತಲೆ ತೂರುವಷ್ಟೇ ಜಾಗ, ನೀರು ಗದ್ದದವರೆಗೆ, ಎರಡು ಕಡೆಯೂ ಕಲ್ಲು. ಅದನ್ನು ದಾಟಿದರೆ ಒಳಗೆ ಗುಹೆ, ಗುಹೆಯೊಳಗೆ ಜಲಪಾತ. ಎಲ್ಲರೂ ಬರುವುದೇ ಅದಕ್ಕೆ. ಈಜು ಬರುವವರಿಗೆ ಅದು ಹಬ್ಬ. ಬರದವರಿಗೆ ಆ ಸಂದಿಯಲ್ಲಿ ಕಾಲು ನೆಲಕ್ಕೆ ತಾಗದೆ, ಜಲಪಾತದ ಸದ್ದಿಗೆ ಯಾರ ಮಾತೂ ಕೇಳದೆ ಹೋದಾಗ ಏನಾಗುತ್ತದೆ ಅಂತ ಕಣ್ಣಾರೆ ನೋಡಿದೆ.

ಭಾವನಿಗೆ ಈಜು ಬರಲ್ಲ. ಬುಕ್ ಮಾಡುವಾಗಲೇ ಹೇಳಿದ್ದೆವು. ಲೈಫ್ ಜಾಕೆಟ್ ಕೊಡುತ್ತೇವೆ ಅಂದಿದ್ದರು. ಮಡುವಿನ ಹತ್ತಿರ ಕೇಳಿದರೆ ಗೈಡ್ ಉತ್ತರ ಏನು ಗೊತ್ತಾ? ‘ಇದೆಯಲ್ಲ ಸರ್, ಗಾಡಿಯಲ್ಲೇ ಇದೆ.’ ಗಾಡಿ ಎಲ್ಲಿದೆ? ಮುಕ್ಕಾಲು ಗಂಟೆ ನಡಿಗೆ, ಆಮೇಲೆ ಒಂದು ದೋಣಿ, ಅದರ ಆಚೆ. ‘ನೀರು ಜಾಸ್ತಿ ಇಲ್ಲ, ನೀವು ಹೋಗಿ ಬನ್ನಿ, ಬ್ಯಾಗ್ ನಾನು ನೋಡಿಕೊಳ್ಳುತ್ತೇನೆ’ ಅಂತ ಹೇಳಿ ಬಂಡೆಯ ನೆರಳಲ್ಲಿ ಕೂತ. ನಮ್ಮ ಗೈಡ್ ನೀರಿಗೆ ಇಳಿಯಲೇ ಇಲ್ಲ. ಅವನಿಗೆ ಈಜು ಬರುತ್ತಿತ್ತೋ ಇಲ್ಲವೋ, ಆ ಅನುಮಾನ ನನಗೆ ಇವತ್ತಿಗೂ ಇದೆ.

ಭಾವ ಬುದ್ಧಿವಂತರು, ದಡದಲ್ಲೇ ಉಳಿದರು. ಜೊತೆಗಿದ್ದ ಹುಡುಗರಲ್ಲಿ ಒಬ್ಬ, ಸ್ವಲ್ಪ ಸ್ವಲ್ಪ ಬರುತ್ತೆ ಅಂದವನು, ಗೆಳೆಯರ ಹಿಂದೆ ಹೊರಟ. ಸಂದಿಯ ಹತ್ತಿರ ಎದುರಿಂದ ಜನ ವಾಪಸ್ ಬರುತ್ತಿದ್ದರು. ಅಲ್ಲಿ ಒಂದೇ ಸಲ ಇಬ್ಬರು ದಾಟಲು ಆಗುವುದಿಲ್ಲ, ಕಾಯಬೇಕು, ಅಂದರೆ ಆಳದ ನೀರಿನಲ್ಲಿ ಕಾಲು ಬಡಿಯುತ್ತಾ ತೇಲಬೇಕು. ಅವನ ಕೈಲಿ ಅದು ಆಗಲಿಲ್ಲ. ಬಂಡೆ ಹಿಡಿಯಲು ಹೋದ, ಪಾಚಿಗೆ ಕೈ ಜಾರಿತು. ಎರಡು ಸಲ ಮುಖ ಮುಳುಗಿತು. ಅವನು ಕೂಗಲಿಲ್ಲ, ಅದೇ ಭಯ ಹುಟ್ಟಿಸಿದ್ದು. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಉಸಿರೆಳೆಯುವುದೇ ಕಷ್ಟ, ಇನ್ನು ಕೂಗುವುದು ಎಲ್ಲಿಂದ. ಇನ್ನೊಂದು ಗುಂಪಿನ ಜೊತೆ ಬಂದಿದ್ದ ಒಮಾನಿ ಗೈಡ್ ಕೈಯಲ್ಲಿದ್ದ ಟ್ಯೂಬನ್ನು ಅವನ ಎದೆಗೆ ಒತ್ತಿ ಹಿಂದಕ್ಕೆ ಎಳೆದುಕೊಂಡು ಬಂದ. ನಮ್ಮ ಗೈಡ್ ಆಗ ಫೋನಿನಲ್ಲಿದ್ದ. ಅಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಬಹುಶಃ ವಿಡಿಯೋ ನೋಡುತ್ತಿದ್ದ.

ಆ ಒಮಾನಿ ಹುಡುಗ ಹೋಗುವಾಗ ಇನ್ನೊಂದು ಮಾತು ಹೇಳಿದ. ಬೆಟ್ಟದ ಕಡೆ ಮೋಡ ಕಟ್ಟುತ್ತಿದೆ, ನಾವು ಹೊರಡುತ್ತಿದ್ದೇವೆ, ನೀವೂ ಹೊರಡಿ. ನಮ್ಮ ತಲೆ ಮೇಲೆ ಆಕಾಶ ನೀಲಿಯಾಗೇ ಇತ್ತು. ಆದರೆ ವಾದಿಯಲ್ಲಿ, ಅಂದರೆ ಇಂಥ ಕಣಿವೆಯಲ್ಲಿ, ತಲೆ ಮೇಲಿನ ಆಕಾಶ ನೋಡಿ ಪ್ರಯೋಜನ ಇಲ್ಲ. ಮಳೆ ದೂರದ ಹಜರ್ ಬೆಟ್ಟದಲ್ಲಿ ಬೀಳುತ್ತದೆ, ಕಲ್ಲು ನೀರು ಕುಡಿಯುವುದಿಲ್ಲ, ಅಷ್ಟೂ ನೀರು ಕಣಿವೆಯಲ್ಲಿ ಒಟ್ಟಾಗಿ ಒಮ್ಮೆಲೇ ನುಗ್ಗುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಹತ್ತಿ ತಪ್ಪಿಸಿಕೊಳ್ಳಲು ಜಾಗವೂ ಇರಲ್ಲ. 2024ರ ಏಪ್ರಿಲ್‌ನಲ್ಲಿ ಇದೇ ದೇಶದಲ್ಲಿ ಪ್ರವಾಹದಲ್ಲಿ ಶಾಲಾ ಮಕ್ಕಳೂ ಕೊಚ್ಚಿಹೋದರು, ಇಲ್ಲಿರುವವರಿಗೆ ಯಾರಿಗೂ ಮರೆತಿರಲ್ಲ. ಹವಾಮಾನ ಎಚ್ಚರಿಕೆ ನೋಡಿದೆಯಾ ಅಂತ ಗೈಡನ್ನು ಕೇಳಿದರೆ ‘ಏನೂ ಆಗಲ್ಲ ಮೇಡಂ’ ಅಂದ. ಅವತ್ತು ಏನೂ ಆಗಲಿಲ್ಲ, ನಿಜ. ಅವನು ನೋಡಿ ಹೇಳಿದ್ದಲ್ಲ ಅನ್ನುವುದೂ ನಿಜ.

ದೋಣಿ ಸಂಜೆ ಐದರ ಸುಮಾರಿಗೆ ನಿಂತುಬಿಡುತ್ತದೆ ಅನ್ನುವುದು ಆಗ ಗೊತ್ತಾಯಿತು. ಆ ನುಣುಪು ಬಂಡೆ ಮೇಲೆ, ಒದ್ದೆ ಬಟ್ಟೆಯಲ್ಲಿ, ಹೆಚ್ಚುಕಡಿಮೆ ಓಡಿಕೊಂಡು ಬಂದೆವು.

ಸರಿ, ಹೋಗಲಿ, ಆಮೆಯಾದರೂ ನೋಡೋಣ ಅಂದುಕೊಂಡೆವು. ಅಕ್ಕನ ಮಗಳು ಬಂದಿದ್ದೇ ಅದಕ್ಕೆ.

ಸೂರ್‌ನಲ್ಲಿ ಊಟ ಮಾಡುವಾಗ ಗೈಡ್ ಹೊರಗೆ ನಿಂತು ಯಾರ ಯಾರ ಜೊತೆಗೋ ಮಾತಾಡುತ್ತಿದ್ದ. ಒಳಗೆ ಬಂದು ‘ರಿಸರ್ವ್ ಇವತ್ತು ಫುಲ್ ಅಂತೆ. ಚಿಂತೆ ಬೇಡ, ನನಗೆ ಇನ್ನೊಂದು ಬೀಚ್ ಗೊತ್ತು, ಅಲ್ಲಿ ಟಿಕೆಟ್ಟೂ ಬೇಡ’ ಅಂದ. ಅಂದರೆ ನಮ್ಮಿಂದ ಮುಂಚೆಯೇ ದುಡ್ಡು ತೆಗೆದುಕೊಂಡ ಮನುಷ್ಯ ಬುಕಿಂಗ್ ಮಾಡೇ ಇರಲಿಲ್ಲ. ಆಮೇಲೆ ಪೋಸ್ಟರ್ ತೆಗೆದು ನೋಡಿದೆ. ರಾಸ್ ಅಲ್ ಜಿನ್ಜ್ ಅನ್ನುವ ಹೆಸರು ಎಲ್ಲೂ ಇಲ್ಲ. ‘ಟರ್ಟಲ್ ಬೀಚ್’ ಅಂತ ಇದೆ. ಫೋನಿನಲ್ಲಿ ಮಾತಾಡುವಾಗ ಮಾತ್ರ ರಾಸ್ ಅಲ್ ಜಿನ್ಜ್, ರಾಸ್ ಅಲ್ ಜಿನ್ಜ್ ಅಂತ ಜಪ ಮಾಡಿದ್ದರು.

ಸರಿಯಾಗಿ ನಡೆಯುವುದು ಹೇಗೆ ಅಂತ ಹೇಳುತ್ತೇನೆ, ಆಗ ನಮಗೆ ಆದದ್ದು ಅರ್ಥವಾಗುತ್ತದೆ. ರಿಸರ್ವ್ ಅಂದರೆ ರಾಸ್ ಅಲ್ ಜಿನ್ಜ್‌ನ ಆಮೆ ರಕ್ಷಿತ ಪ್ರದೇಶ, ಅದನ್ನು 1996ರಲ್ಲಿ ರಾಜಾಜ್ಞೆಯಿಂದ ಮಾಡಿದ್ದು. ಮೊಟ್ಟೆ ಇಡಲು ಬರುವುದು ಮುಖ್ಯವಾಗಿ ಹಸಿರು ಕಡಲಾಮೆ. ವರ್ಷವಿಡೀ ಬರುತ್ತವೆ, ಬೇಸಿಗೆ ತಿಂಗಳುಗಳಲ್ಲಿ ಜಾಸ್ತಿ. ಮುಂಗಡ ಬುಕ್ ಮಾಡಬೇಕು. ಅಲ್ಲಿನ ಗೈಡೇ ಕರೆದುಕೊಂಡು ಹೋಗುತ್ತಾರೆ. ಆಮೆ ಗುಂಡಿ ತೋಡಿ ಮೊಟ್ಟೆ ಇಡಲು ಶುರು ಮಾಡುವವರೆಗೆ ಜನರನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಆಮೇಲೆ ಸ್ವಲ್ಪ ಸ್ವಲ್ಪ ಜನರನ್ನು ಹಿಂದಿನಿಂದ ಹತ್ತಿರ ಬಿಡುತ್ತಾರೆ. ರಾತ್ರಿ ಫೋಟೋ ಇಲ್ಲ, ಟಾರ್ಚ್ ಇಲ್ಲ. ಇದು ಸುಮ್ನೆ ಮಾಡಿದ ರೂಲ್ ಅಲ್ಲ. ಮೊಟ್ಟೆ ಇಡಲು ಶುರು ಮಾಡಿದ ಆಮೆ ಅಷ್ಟಾಗಿ ಅಲುಗುವುದಿಲ್ಲ. ಅದಕ್ಕೆ ಮುಂಚೆ, ನೀರಿನಿಂದ ಮೇಲೆ ಹತ್ತುವಾಗ, ಒಂದು ಬೆಳಕು ಕಂಡರೂ ಬೆದರಿ ವಾಪಸ್ ಹೋಗಿಬಿಡುತ್ತದೆ. ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಹೊತ್ತುಕೊಂಡು ಬಂದಿರುತ್ತದೆ, ಅಷ್ಟನ್ನೂ ಹೊತ್ತುಕೊಂಡೇ ಹೋಗುತ್ತದೆ.

ನಮ್ಮವನು ಕರೆದುಕೊಂಡು ಹೋದ ಬೀಚ್‌ನಲ್ಲಿ ಯಾರೂ ಇರಲಿಲ್ಲ. ಗಾಡಿಯನ್ನು ನೇರ ಮರಳಿಗೇ ಇಳಿಸಿದ, ಹೆಡ್‌ಲೈಟ್ ಹಾಕಿಕೊಂಡೇ. ಮರಳಿನೊಳಗೆ ಎಲ್ಲಿ ಮೊಟ್ಟೆ ಇದೆಯೋ ಯಾರಿಗೆ ಗೊತ್ತು, ಅದರ ಮೇಲೆ ಟೈರ್. ಲೈಟ್ ಆರಿಸಿ ಅಂತ ಭಾವ ಎರಡು ಸಲ ಹೇಳಿದ ಮೇಲೆ ಆರಿಸಿದ.

ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಅಲೆ ಒಡೆಯುವ ಜಾಗದಲ್ಲಿ ಏನೋ ಕಪ್ಪಗೆ ಕಂಡಿತು. ಮೊದಲು ಬಂಡೆ ಅಂದುಕೊಂಡೆ. ಬಂಡೆ ಮುಂದಕ್ಕೆ ಬಂತು. ಎರಡು ಮುಂಗಾಲನ್ನೂ ಒಟ್ಟಿಗೆ ಎತ್ತಿ ಹಾಕಿ ಮೈ ಎಳೆದುಕೊಳ್ಳುತ್ತಿತ್ತು, ಒಂದೆರಡು ಹೆಜ್ಜೆ, ಆಮೇಲೆ ನಿಂತು ಭುಸ್ ಅಂತ ಉಸಿರು, ಮತ್ತೆ ಒಂದೆರಡು ಹೆಜ್ಜೆ. ಆ ಉಸಿರು ನಮಗೆ ಕೇಳುತ್ತಿತ್ತು. ನಾವೆಲ್ಲ ಕೂತಲ್ಲೇ ಕೂತಿದ್ದೆವು. ಗೈಡ್ ಮಾತ್ರ ಎದ್ದು ಓಡಿದ. ಫೋನಿನ ಟಾರ್ಚ್ ಅದರ ಮುಖಕ್ಕೇ ಬಿಟ್ಟು, ‘ಬನ್ನಿ ಬನ್ನಿ, ಬೇಬಿಯನ್ನು ಪಕ್ಕದಲ್ಲಿ ಕೂರಿಸಿ, ಫೋಟೋ ತೆಗೆಯುತ್ತೇನೆ’ ಅಂತ ಕೂಗಿದ. ಆಮೆ ತಲೆ ಎತ್ತಿತು, ಹಾಗೇ ನಿಂತಿತು. ಆಮೇಲೆ ಅರ್ಧ ಸುತ್ತು ತಿರುಗಿ ಬಂದ ದಾರಿಯಲ್ಲೇ ನೀರಿಗೆ ಹೋಯಿತು. ಹತ್ತುವಾಗ ಇದ್ದ ನಿಧಾನ ಇಳಿಯುವಾಗ ಇರಲಿಲ್ಲ. ‘ಚಿಕ್ಕಿ, ಅದು ಮೊಟ್ಟೆನೇ ಇಡಲಿಲ್ವಲ್ಲ’ ಅಂದಳು ಹುಡುಗಿ. ಗೈಡ್ ‘ನೋಡಿದಿರಲ್ಲ, ಲಕ್ಕಿ ನೀವು’ ಅಂದ!

ವಾಪಸ್ ಬರುವ ದಾರಿಯಲ್ಲಿ ಭಾವ ಮುಂದಿನ ಸೀಟಿನಲ್ಲಿ ಕೂತು ಅವನನ್ನು ಮಾತಾಡಿಸುತ್ತಲೇ ಇದ್ದರು. ಬಿಟ್ಟರೆ ಕಣ್ಣು ಮುಚ್ಚುತ್ತಿದ್ದ. ಆ ಕಡೆ ರಸ್ತೆಗೆ ಒಂಟೆ ಬರುತ್ತವೆ, ಕತ್ತಲಲ್ಲಿ ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ.

ಮಾರನೇ ದಿನ ದುಡ್ಡು ವಾಪಸ್ ಕೇಳಿದೆ. ಆಮೆ ನಿಸರ್ಗ ಮೇಡಂ, ನಮ್ಮ ಕೈಯಲ್ಲಿಲ್ಲ ಅಂತ ಉತ್ತರ. ಈ ಮಾತು ಎಲ್ಲರಿಗೂ ಹೇಳುತ್ತಾರೆ, ಕೇಳಲು ನ್ಯಾಯವಾಗಿಯೂ ಇದೆ, ಅದಕ್ಕೇ ಜನ ಸುಮ್ಮನಾಗುತ್ತಾರೆ. ಆಮೆ ಬರುವುದು ಬಿಡುವುದು ಅವರ ಕೈಯಲ್ಲಿಲ್ಲ, ಒಪ್ಪೋಣ. ಬುಕಿಂಗ್ ಅವರ ಕೈಯಲ್ಲಿತ್ತಲ್ವಾ? ಲೈಫ್ ಜಾಕೆಟ್ ಹೊತ್ತು ತರುವುದು ಅವರ ಕೈಯಲ್ಲಿತ್ತಲ್ವಾ? ವಾದ ಮಾಡಿ ಮಾಡಿ ಕೊನೆಗೆ ಒಬ್ಬರಿಗೆ 5 ರಿಯಾಲ್ ವಾಪಸ್ ಹಾಕಿದರು. ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ಕೊಡುತ್ತಾರಂತೆ.

ಹೋಗಲೇಬೇಕು ಅಂದರೆ ಎರಡನ್ನೂ ಬೇರೆ ಮಾಡಿ. ಸೂರ್‌ನಲ್ಲೋ ರಾಸ್ ಅಲ್ ಜಿನ್ಜ್‌ನಲ್ಲೋ ಒಂದು ರಾತ್ರಿ ಉಳಿಯಿರಿ, ಆಮೆ ಕೇಂದ್ರದಲ್ಲೇ ಕೋಣೆಗಳಿವೆ. ಅಲ್ಲಿ ನಸುಕಿನ ಹೊತ್ತಿಗೂ ಕರೆದುಕೊಂಡು ಹೋಗುತ್ತಾರೆ, ಜನ ಕಡಿಮೆ, ಬೆಳಕು ಹರಿದ ಮೇಲೆ ಫ್ಲಾಶ್ ಇಲ್ಲದೆ ಫೋಟೋನೂ ತೆಗೆಯಬಹುದು. ವಾದಿಗೆ ಬೆಳಿಗ್ಗೆ ಬೇಗ ಹೋಗಿ. ಮೈ ಮುಚ್ಚುವ ಟೀ ಶರ್ಟ್, ಉದ್ದ ಶಾರ್ಟ್ಸ್ ಹಾಕಿ, ಅದು ಊರಿನವರು ಓಡಾಡುವ ಜಾಗ. ಫೋನಿಗೆ ನೀರು ಹೋಗದ ಚೀಲ ನೀವೇ ಒಯ್ಯಿರಿ. ಹವಾಮಾನ ಎಚ್ಚರಿಕೆ ಇದ್ದರೆ ಗೈಡ್ ಎಷ್ಟೇ ಧೈರ್ಯ ಹೇಳಿದರೂ ಹೋಗಬೇಡಿ. ಪೊಲೀಸ್, ಆಂಬುಲೆನ್ಸ್‌ಗೆ ನಂಬರ್ 9999, ಆದರೆ ಕಣಿವೆಯ ಒಳಗಿಂದ ಕಾಲ್ ಹೋಗುತ್ತದೆ ಅಂತ ನಂಬಿಕೊಳ್ಳಬೇಡಿ.

ಈಗಾಗಲೇ ಇಂಥ ಟ್ರಿಪ್‌ಗೆ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಮೆಸೇಜ್ ಹಾಕಿ. ರಿಸರ್ವ್ ಬುಕಿಂಗ್‌ನ ಸ್ಕ್ರೀನ್‌ಶಾಟ್ ಕಳಿಸಿ ಅನ್ನಿ. ಗೈಡ್‌ಗೆ ಪ್ರವಾಸೋದ್ಯಮ ಸಚಿವಾಲಯದ ಲೈಸೆನ್ಸ್ ಇದೆಯಾ ಕೇಳಿ. ಅವನು ನಮ್ಮ ಜೊತೆ ನೀರಿಗೆ ಇಳಿಯುತ್ತಾನಾ, ಜಾಕೆಟ್ ಮಡುವಿನ ಹತ್ತಿರ ಇರುತ್ತದಾ, ರಾತ್ರಿ ಗಾಡಿ ಯಾರು ಓಡಿಸುತ್ತಾರೆ, ಇದಕ್ಕೆಲ್ಲ ಬರಹದಲ್ಲೇ ಉತ್ತರ ತಗೊಳ್ಳಿ, ಫೋನಿನಲ್ಲಿ ಬೇಡ. ಸ್ಕ್ರೀನ್‌ಶಾಟ್ ಬದಲು ‘ಟೆನ್ಷನ್ ಬೇಡ ಮೇಡಂ’ ಅಂತ ಬಂದರೆ ಅಡ್ವಾನ್ಸ್ ಹೋದರೂ ಹೋಗಲಿ, ಆ ಗಾಡಿ ಹತ್ತಬೇಡಿ.