ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಗಿಡದ ಮಳಿಗೆಗಳು: ಆಯ್ಕೆ ಸಮೃದ್ಧ, ಮಾಹಿತಿ ಕಡಿಮೆ

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದ ಕುರಿತು ಬರುವ ಬರಹಗಳು ಬಹುತೇಕ ಗಾಜಿನ ಮನೆಯೊಳಗೆ ಆ ಬಾರಿ ಹೂಗಳಿಂದ ಕಟ್ಟಿದ ಮಾದರಿಯನ್ನು ವರ್ಣಿಸಿ ಮುಗಿಯುತ್ತವೆ. ಆದರೆ ಗಣರಾಜ್ಯೋತ್ಸವದ ಹೊತ್ತಿಗೊಮ್ಮೆ, ಸ್ವಾತಂತ್ರ್ಯ ದಿನದ ಹೊತ್ತಿಗೊಮ್ಮೆ ತೋಟಗಾರಿಕೆ ಇಲಾಖೆಯೂ ಮೈಸೂರು ಉದ್ಯಾನ ಕಲಾ ಸಂಘವೂ ಸೇರಿ ನಡೆಸುವ ಈ ಪ್ರದರ್ಶನಕ್ಕೆ ಗಿಡ ಕೊಳ್ಳುವುದಕ್ಕೆಂದೇ ಬರುವವರು ಬಹಳ ಮಂದಿ ಇದ್ದಾರೆ. ಅಲ್ಲಿನ ಮಳಿಗೆಗಳಲ್ಲಿ ಸಿಗುವ ಅಲಂಕಾರಿಕ ಗಿಡಗಳು ಮನೆಗೆ ಬಂದ ಮೇಲೆ ಹೇಗೆ ಬಾಳುತ್ತವೆ ಎಂಬುದೇ ಈ ವಿಮರ್ಶೆಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗಿಡಗಳ ವೈವಿಧ್ಯಕ್ಕೂ ತಾಜಾತನಕ್ಕೂ ಇವು ಬೆಂಗಳೂರಿನಲ್ಲಿ ಮೊದಲ ಸಾಲಿನ ಮಳಿಗೆಗಳು, ಆದರೆ ಕೊಂಡ ಗಿಡಕ್ಕೆ ಎಷ್ಟು ಬಿಸಿಲು, ಎಂಥ ಮಣ್ಣು, ಎಷ್ಟು ನೀರು ಬೇಕು ಎಂಬುದನ್ನು ಗಿರಾಕಿಗೆ ತಿಳಿಸುವ ವಿಷಯದಲ್ಲಿ ಬಹಳ ಹಿಂದೆ ಉಳಿದಿವೆ.

ಕ್ರೋಟನ್, ಡ್ರಸೀನಾ, ಅಗ್ಲೋನೆಮಾ, ಕ್ಯಾಲಥಿಯಾ, ಜರೀಗಿಡಗಳು, ಆಂಥೂರಿಯಂ, ಅಡೇನಿಯಂ, ಬೋಗನ್‌ವಿಲ್ಲಾ, ಹತ್ತಾರು ಬಣ್ಣದ ದಾಸವಾಳ, ಎಲ್ಲವೂ ಒಂದೇ ಆವರಣದಲ್ಲಿ ಸಿಗುವುದರಿಂದ ಒಂದು ಮಳಿಗೆಯ ಗಿಡವನ್ನು ಪಕ್ಕದ ಮಳಿಗೆಯ ಅದೇ ಗಿಡದೊಡನೆ ಹೋಲಿಸಿ ನೋಡುವ ಅವಕಾಶ ಇಲ್ಲಿದೆ. ಬಡಾವಣೆಯ ನರ್ಸರಿಯಲ್ಲಿ ಅದು ಸಾಧ್ಯವಿಲ್ಲ. ಬೆಲೆ ತೀರಾ ಅಗ್ಗವೇನಲ್ಲ, ಚೌಕಾಶಿಗೆ ಅವಕಾಶವಿದೆ.

ತೊಡಕು ಶುರುವಾಗುವುದು ‘ಇಂಡೋರ್’ ಎಂಬ ಫಲಕದಿಂದ. ಬೆಳಕಿಲ್ಲದೆ ಬೆಳೆಯುವ ಎಲೆಗಿಡ ಯಾವುದೂ ಇಲ್ಲ. ಕೆಲವು ಗಿಡಗಳು ಕಡಿಮೆ ಬೆಳಕನ್ನು ಸಹಿಸಿಕೊಳ್ಳುತ್ತವೆ, ಅಷ್ಟೇ. ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಹಸಿರೆಲೆಯ ಅಗ್ಲೋನೆಮಾ ಈ ಗುಂಪಿಗೆ ಸೇರಿದವು. ಅದೇ ಅಗ್ಲೋನೆಮಾದ ಕೆಂಪು ತಳಿಗಳಿಗೆ ಬಣ್ಣ ಉಳಿಯಬೇಕಾದರೆ ಕಿಟಕಿಯ ಹತ್ತಿರದ ಒಳ್ಳೆಯ ಬೆಳಕು ಬೇಕು. ಇದೇ ಸಾಲಿನಲ್ಲಿ ಕ್ರೋಟನ್ ಅನ್ನೂ ಇಟ್ಟು ಮಾರುವುದು ಸರಿಯಲ್ಲ, ಏಕೆಂದರೆ ಕ್ರೋಟನ್‌ನ ಹಳದಿ, ಕೆಂಪು ಬಣ್ಣಗಳು ಗಾಢವಾಗುವುದು ಬಿಸಿಲಿನಲ್ಲಿ. ಕೋಣೆಯ ಮೂಲೆಗೆ ಸೇರಿದ ಕ್ರೋಟನ್‌ನ ಹೊಸ ಎಲೆಗಳು ಹಸಿರಾಗಿಯೇ ಬರುತ್ತವೆ, ಹಳೆಯವು ಒಂದೊಂದಾಗಿ ಉದುರುತ್ತವೆ. ಕ್ಯಾಲಥಿಯಾ ಇದಕ್ಕೆ ವಿರುದ್ಧ. ನೇರ ಬಿಸಿಲು ಬಿದ್ದರೆ ಅದರ ಎಲೆ ಸುಡುತ್ತದೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬೆಂಗಳೂರಿನ ಒಣಹವೆಗೆ ಎಲೆಯ ಅಂಚು ಕಂದುಗಟ್ಟುತ್ತದೆ. ಮಲೆನಾಡಿನ ಮನೆಯ ಜಗಲಿಯಲ್ಲಿ ಸೊಗಸಾಗಿ ಬರುವ ಆ ಗಿಡವನ್ನು ನಗರದ ಐದನೇ ಮಹಡಿಯ ಬಾಲ್ಕನಿಗೆ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಎಲೆಯನ್ನು ನೋಡಿದ ಮೇಲೆ ಕವರಿನ ಮಣ್ಣನ್ನು ಒತ್ತಿ ನೋಡಬೇಕು. ಆಂಧ್ರದ ಗೋದಾವರಿ ಸೀಮೆಯ ಕಡಿಯಂ ಸುತ್ತಮುತ್ತಲಿನ ನರ್ಸರಿಗಳಿಂದ ದೇಶದ ನಾನಾ ಕಡೆಗೆ ಲಾರಿಗಳಲ್ಲಿ ಗಿಡ ಹೋಗುತ್ತದೆ, ಬೆಂಗಳೂರಿಗೂ ಬರುತ್ತದೆ. ಹೀಗೆ ದೂರ ಸಾಗಿಸುವ ಗಿಡಗಳ ಬೇರಿನ ಸುತ್ತ ಹಲವು ವೇಳೆ ಅಂಟು ಜೇಡಿಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ದಾರಿಯಲ್ಲಿ ಬೇರು ಅಲುಗದಿರಲಿ, ತೇವ ಆರದಿರಲಿ ಎಂಬ ಉದ್ದೇಶಕ್ಕೆ ಅದು ಸರಿಯೇ, ಆದರೆ ಆ ಉಂಡೆಯನ್ನು ಹಾಗೆಯೇ ಕುಂಡದಲ್ಲಿಟ್ಟು ಸುತ್ತ ಸಡಿಲವಾದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದರೆ ಹಾಕಿದ ನೀರು ಬದಿಯಿಂದ ಇಳಿದುಹೋಗುತ್ತದೆ. ಮೇಲಿನ ಮಣ್ಣು ಒದ್ದೆಯಾಗಿ ಕಾಣುತ್ತಿರುವಾಗಲೇ ಒಣಗಿ ಇಟ್ಟಿಗೆಯಂತಾದ ಉಂಡೆಯೊಳಗೆ ಬೇರು ಬಾಯಾರಿ ಸಾಯುತ್ತದೆ. ಗಿಡ ತಂದ ಮೇಲೆ ಒಂದೆರಡು ವಾರ ನೆರಳಿನಲ್ಲಿಟ್ಟು, ಹೊಸ ಚಿಗುರು ಕಂಡ ಬಳಿಕ ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಮಿಶ್ರಣಕ್ಕೆ ಬದಲಾಯಿಸುವುದು ಒಳ್ಳೆಯದು. ಬೋಗನ್‌ವಿಲ್ಲಾಗೆ ಮಾತ್ರ ಇದು ಸಲ್ಲದು. ಅದು ಬೇರು ಅಲುಗಿದರೆ ಮುನಿಯುವ ಗಿಡವಾದ್ದರಿಂದ ಕವರನ್ನಷ್ಟೇ ಕತ್ತರಿಸಿ ಇಡಿಯಾಗಿ ನೆಡಬೇಕು.

ಪ್ರತ್ಯೇಕವಾಗಿ ಹೇಳಲೇಬೇಕಾದ ಗಿಡ ಇಕ್ಸೋರಾ, ಕರಾವಳಿಯವರ ಕೇಪಳ. ಕೆಂಪು, ಹಳದಿ, ಗುಲಾಬಿ ಗೊಂಚಲುಗಳ ಗಿಡ್ಡ ತಳಿಗಳು ಮಳಿಗೆಯಲ್ಲಿ ಎಲ್ಲರನ್ನೂ ಸೆಳೆಯುತ್ತವೆ. ಇದು ನಮ್ಮದೇ ನೆಲದ ಸಸ್ಯ. ಮಳೆಗೆ ಸುಣ್ಣದಂಶ ತೊಳೆದುಹೋಗಿ ಹುಳಿಯಾದ ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಆರೈಕೆಯಿಲ್ಲದೆ ಬೆಳೆಯುತ್ತದೆ. ಇದನ್ನು ತಂದು ಗಡಸು ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಕುಂಡದ ಮಣ್ಣು ತಿಂಗಳುಗಳಲ್ಲಿ ಕ್ಷಾರಗುಣಕ್ಕೆ ತಿರುಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದನ್ನು ಹೀರಿಕೊಳ್ಳಲಾಗದೆ, ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಗಳಾಗಿ ಉಳಿಯುತ್ತವೆ. ಈ ಲಕ್ಷಣ ಹೇಳಿದರೆ ಮಾರಾಟಗಾರರು ಎಪ್ಸಮ್ ಉಪ್ಪನ್ನು ಕೊಡುವುದುಂಟು. ಎಪ್ಸಮ್ ಉಪ್ಪು ಒದಗಿಸುವುದು ಮೆಗ್ನೀಸಿಯಂ. ಅದರ ಕೊರತೆ ಮೊದಲು ಕಾಣುವುದು ಕೆಳಗಿನ ಹಳೆಯ ಎಲೆಗಳಲ್ಲಿ. ತುದಿಯೆಲೆ ಹಳದಿಯಾದ ಇಕ್ಸೋರಾಕ್ಕೆ ಬೇಕಾದದ್ದು ಬೇರು ಸುಲಭವಾಗಿ ಹೀರಬಲ್ಲ ರೂಪದಲ್ಲಿರುವ ಚಿಲೇಟೆಡ್ ಕಬ್ಬಿಣ, ಮಳೆನೀರು ಮತ್ತು ಎಲೆಗೊಬ್ಬರ. ಮನೆಗೆ ಬರುವ ನೀರು ಯಾವುದು ಎಂದು ಕೇಳದೆ ಇಕ್ಸೋರಾ ಮಾರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ಪ್ರದರ್ಶನಗಳಲ್ಲಿ ಯಾವಾಗ ಏನು ಕೊಳ್ಳಬೇಕೆಂಬುದೂ ಯೋಚಿಸಬೇಕಾದ ಸಂಗತಿ. ಜನವರಿಯಲ್ಲಿ ಪೆಟೂನಿಯಾ, ಡೇಲಿಯಾ, ಸೇವಂತಿಗೆ, ಪಾಯಿನ್‌ಸೆಟಿಯಾ ತುಂಬು ಬಣ್ಣದಲ್ಲಿರುತ್ತವೆ, ಕಣ್ಣಿಗೆ ಹಬ್ಬವೇ ಸರಿ. ಆದರೆ ಪೆಟೂನಿಯಾ ಚಳಿಗಾಲದ ಹೂಗಿಡ. ಬಿಸಿಲು ಏರುತ್ತಿದ್ದಂತೆ ಸೊರಗುತ್ತದೆ, ಅದನ್ನು ಒಂದೆರಡು ತಿಂಗಳ ಅಲಂಕಾರವೆಂದೇ ಕೊಳ್ಳಬೇಕು. ಪಾಯಿನ್‌ಸೆಟಿಯಾ ವರ್ಷಗಟ್ಟಲೆ ಬದುಕುತ್ತದೆ, ಆದರೆ ಮರುವರ್ಷ ಕೆಂಪಾಗಬೇಕಾದರೆ ಅದಕ್ಕೆ ವಾರಗಳ ಕಾಲ ದೀರ್ಘವಾದ, ಅಡೆತಡೆಯಿಲ್ಲದ ರಾತ್ರಿಗತ್ತಲು ಬೇಕು. ಬೀದಿದೀಪದ ಬೆಳಕು ಬೀಳುವ ಬಾಲ್ಕನಿಯಲ್ಲಿ ಅದು ಹಸಿರಾಗಿಯೇ ಇದ್ದುಬಿಡುತ್ತದೆ. ಆಗಸ್ಟ್ ಪ್ರದರ್ಶನ ಪೊದೆಗಿಡಗಳಿಗೂ ಬಳ್ಳಿಗಳಿಗೂ ಉತ್ತಮ, ಏಕೆಂದರೆ ಬೇರೂರಲು ಮುಂದೆ ತಿಂಗಳುಗಟ್ಟಲೆ ತಂಪು ಹವೆ ಸಿಗುತ್ತದೆ. ಅಡೇನಿಯಂ ಮಾತ್ರ ಇದಕ್ಕೆ ಹೊರತು. ಅರೇಬಿಯಾ ಮತ್ತು ಆಫ್ರಿಕಾದ ಒಣಸೀಮೆಯ ಆ ಗಿಡವನ್ನು ಮಳೆಯಲ್ಲಿ ನೆನೆಯಲು ಬಿಟ್ಟರೆ ಉಬ್ಬಿದ ಬುಡ ಒಳಗಿನಿಂದಲೇ ಕೊಳೆಯುತ್ತದೆ. ಕೊಳ್ಳುವಾಗ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬಿಟ್ಟುಬಿಡಿ.

ದಾಸವಾಳದ ವಿಷಯದಲ್ಲಿ ಒಂದೇ ಮಾತು: ಎಲೆಯ ಅಡಿಭಾಗವನ್ನೂ ಮೊಗ್ಗಿನ ತೊಟ್ಟನ್ನೂ ತಿರುವಿ ನೋಡದೆ ಕೊಳ್ಳಬೇಡಿ, ಹಿಟ್ಟು ತಿಗಣೆ ಅಡಗುವುದು ಅಲ್ಲೇ. ತಂದ ಗಿಡವನ್ನು ಕೆಲವು ದಿನ ಉಳಿದವುಗಳಿಂದ ದೂರವಿಡಿ.

ಮಳಿಗೆಯವರಲ್ಲಿ ಅನುಭವಿಗಳು ಅನೇಕರಿದ್ದಾರೆ. ಮನೆಯಲ್ಲಿ ಬಿಸಿಲು ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಬರುತ್ತದೆ ಎಂದು ಹೇಳಿದರೆ ಸರಿಯಾದ ಗಿಡವನ್ನೇ ತೋರಿಸುತ್ತಾರೆ. ಆದರೆ ರಜಾದಿನದ ನೂಕುನುಗ್ಗಲಿನಲ್ಲಿ ಅವರಿಗೆ ಮಾತಾಡಲು ಬಿಡುವಿರುವುದಿಲ್ಲ. ಪ್ರತಿ ಕವರಿಗೂ ಬಿಸಿಲು, ನೀರು, ಮಣ್ಣಿನ ಅಗತ್ಯ ತಿಳಿಸುವ ಚಿಕ್ಕದೊಂದು ಕನ್ನಡ ಚೀಟಿ ಅಂಟಿಸುವುದನ್ನು ಸಂಘಟಕರು ಮಳಿಗೆಗಳಿಗೆ ಕಡ್ಡಾಯ ಮಾಡಿದರೆ ಇಲ್ಲಿಂದ ಹೋಗುವ ಗಿಡಗಳಲ್ಲಿ ಬಹುಪಾಲು ಉಳಿಯುತ್ತವೆ. ಅಲ್ಲಿಯವರೆಗೆ ಕೆಲಸದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಕೇಳಬೇಕಾದದ್ದನ್ನು ಕೇಳಿ ತಿಳಿದುಕೊಂಡು ಕೊಳ್ಳುವುದು ಲೇಸು.